ಪೆನಾಂಗಿನ ಲಾಂಚಿನಲ್ಲಿ ಹಿಡಿದ ಸೀಟು

ಬೆಳಿಗ್ಗೆ ಏಳೂವರೆಗೆ ನಮ್ಮ ಹಡಗು ಪೆನಾಂಗ್ ದ್ವೀಪದ ಕಟ್ಟೆಗೆ ಬಂದು ನಿಂತಿತು. ಎಂಟು ಗಂಟೆಗೆ ಮೈಕಿನಲ್ಲಿ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿತು: ಸಂಜೆ ನಾಲ್ಕೂವರೆಗೆ ಎಲ್ಲರೂ ಹಡಗಿನೊಳಗೆ ಇರಬೇಕು, ಐದಕ್ಕೆ ಹಡಗು ಬಿಡುತ್ತದೆ, ಯಾರಿಗೂ ಕಾಯುವುದಿಲ್ಲ. ಮೂರನೇ ಸಲ ಅದನ್ನೇ ಕನ್ನಡದಲ್ಲಿ ಹೇಳಿದವರು ನಮ್ಮ ಗುಂಪಿನ ಹಿರಿಯರಾದ ಹೊನ್ನಾಳಿಯ ರುದ್ರೇಶಣ್ಣ. "ನಾಕೂವರೆ ಅಂದ್ರೆ ನಾಕೂವರೆ ಕಣ್ರಮ್ಮ. ಇದೇನು ನಮ್ಮೂರ ಬಸ್ಸಲ್ಲ, ರೈಟ್ ಅಂದ ಮ್ಯಾಲೂ ಕೈ ಅಡ್ಡ ಹಾಕಿ ಹತ್ತಾಕೆ. ಪಾಸ್‌ಪೋರ್ಟೆಲ್ಲ ಹಡಗಿನೋರ ಹತ್ರಾನೇ ಐತೆ. ತಪ್ಪಿಸ್ಕಂಡ್ರೆ ನೀವು ಯಾವ ದೇಶದೋರು ಅಂತ ತೋರ್ಸಾಕೂ ಒಂದು ಕಾಗದ ಇರಲ್ಲ ನೋಡ್ರಿ," ಎಂದರು.

ಹೀಗೆ ಹೆದರಿಸಿಕೊಂಡ ಹೆಂಗಸರಲ್ಲಿ ನಾವಿಬ್ಬರೂ ಇದ್ದೆವು. ನಾನು ಸುಮಂಗಲ, ಜೊತೆಗೆ ನಮ್ಮ ಅತ್ತೆ ಹಾಲಮ್ಮ. ಸಂತೇಬೆನ್ನೂರಿನಲ್ಲಿ ನಮ್ಮದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಮಾಲು ಚೆನ್ನಾಗಿ ಮಾರಿದ ಅಂಗಡಿಯವರಿಗೆ ಕಂಪನಿಯವರು ಫಾರಿನ್ ಟೂರ್ ಕೊಡುವುದು ನಮ್ಮ ಕಡೆ ಹೊಸದಲ್ಲ. ಈ ಸಲ ನಮಗೆ ಎರಡು ಟಿಕೆಟ್ ಬಂತು. ಸಿಂಗಾಪುರದಲ್ಲಿ ಹಡಗು ಹತ್ತುವುದು, ಪೆನಾಂಗಿನಲ್ಲಿ ಒಂದು ದಿನ ಇಳಿಯುವುದು, ಮತ್ತೆ ಸಿಂಗಾಪುರ. ಆದರೆ ಬಂದದ್ದು ಸರಿಯಾಗಿ ಮುಂಗಾರು ಹಿಡಿಯುವ ಹೊತ್ತಿಗೆ. ಮೆಕ್ಕೆಜೋಳ ಬಿತ್ತುವ ವಾರ ಅಂಗಡಿ ಬಾಗಿಲು ಹಾಕಿದರೆ ಊರವರು ಬಿಟ್ಟಾರೆಯೇ? "ನೀನೂ ಅವ್ವನೂ ಹೋಗಿ ಬರ್ರಿ," ಎಂದರು ನಮ್ಮ ಮನೆಯವರು. ಅತ್ತೆಯ ಹತ್ತಿರ ಪಾಸ್‌ಪೋರ್ಟ್ ಇತ್ತು. ಕೈಲಾಸ ಯಾತ್ರೆಗೆಂದು ಆಸೆಪಟ್ಟು ಮಾಡಿಸಿದ್ದು, ಅಷ್ಟರಲ್ಲಿ ಮಂಡಿ ಕೈಕೊಟ್ಟು ಯಾತ್ರೆ ನಿಂತುಹೋಗಿತ್ತು. ಶಿವನನ್ನು ನೋಡಲು ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಸಮುದ್ರ ನೋಡಲು ಹೊರಟರು.

ಶಿವನ ಮಾತು ಬಂತಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಅತ್ತೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಚಿಕ್ಕಂದಿನಲ್ಲಿ ಗುರುಗಳು ಕಟ್ಟಿದ್ದು. ಪೂಜೆಯ ಹೊತ್ತು ಅಂಗೈಗೆ ಬರುತ್ತದೆ, ಉಳಿದ ಹೊತ್ತು ಎದೆಯ ಮೇಲೆ. ಅದು ಮೈಮೇಲೆ ಇಲ್ಲದಾಗ ಒಂದು ಗುಟುಕು ನೀರನ್ನೂ ಅವರು ಕುಡಿಯುವುದಿಲ್ಲ. ನನಗೂ ಲಿಂಗ ಕಟ್ಟಿದ್ದಾರೆ, ಸುಳ್ಳೇಕೆ ಹೇಳಲಿ, ನನ್ನದು ಮನೆಯ ದೇವರ ಜಗುಲಿಯ ಮೇಲೆ ಇದೆ. ಹಬ್ಬಕ್ಕೆ ಮಾತ್ರ ಕೊರಳಿಗೆ ಬರುತ್ತದೆ.

ಸಿಂಗಾಪುರದಲ್ಲಿ ಹಡಗು ಹತ್ತುವಾಗ ಬಾಗಿಲಿನಂಥ ಮೆಷಿನ್ನು ಅತ್ತೆಯನ್ನು ಕಂಡು ಕೂಗಿಕೊಂಡಿತು. ಸಮವಸ್ತ್ರದ ಹೆಂಗಸು ಕರಡಿಗೆ ತೆಗೆಸಿ ಟ್ರೇಯಲ್ಲಿಟ್ಟು, ಒಳಗೇನಿದೆ ನೋಡಲು ಮುಚ್ಚಳಕ್ಕೆ ಕೈ ಹಾಕಿದಳು. "ಮುಟ್ಟಬ್ಯಾಡ್ರೀ!" ಎಂದು ಅತ್ತೆ ಕೂಗಿದ ಕೂಗಿಗೆ ಹಿಂದಿನ ಸಾಲೆಲ್ಲ ತಿರುಗಿ ನೋಡಿತು. ಆಗ ನಾನು ಮಾಡಿದ್ದೇನು? ಮುಂದೆ ಹೋಗಿ ಆ ಹೆಂಗಸಿಗೆ ನಾಲ್ಕು ಮಾತು ತಿಳಿಸಿ ಹೇಳಬೇಕಿತ್ತು. ನನಗೆ ಬರುವ ಹರಕು ಇಂಗ್ಲಿಷೇ ಸಾಕಿತ್ತು. ಅದು ಬಿಟ್ಟು ಅತ್ತೆಯನ್ನೇ ಗದರಿಸಿದೆ. "ಸುಮ್ನಿರ್ರಿ ಅತ್ತೆ, ಜನ ನೋಡ್ತಾರೆ." ಅವರು ಸುಮ್ಮನಾದರು. ಮುಚ್ಚಳ ತೆಗೆದು ನೋಡಿದರು, ಮುಚ್ಚಿ ಕೊಟ್ಟರು. ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ.

ಅದಕ್ಕೇ ಪೆನಾಂಗಿನಲ್ಲಿ ಇಳಿಯುವ ಮುಂಚೆ ನಾನೇ ಬುದ್ಧಿ ಹೇಳಿದೆ. "ಅತ್ತೆ, ಇವತ್ತು ಕರಡಿಗೆ ಚೀಲದಾಗೆ ಇಡ್ರಿ. ಮೆಷಿನ್ನಿಗೆ ಚೀಲ ಹಾಕಿದ್ರೆ ಆ ಕಡೆಯಿಂದ ಬರ್ತೈತೆ, ಯಾರೂ ಕೇಳಲ್ಲ." ಅವರಿಗೆ ಮನಸ್ಸಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ತಿಂಡಿ ಮುಗಿಸಿ, ಕರಡಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ವಿಭೂತಿಯ ಜೊತೆಗೆ ನಮ್ಮ ಹಸಿರು ಬಟ್ಟೆಯ ಚೀಲದಲ್ಲಿಟ್ಟರು. ಚೀಲ ನಾನು ಹಿಡಿದುಕೊಂಡೆ. ಇಳಿಯುವಾಗ ನೋಡಿದರೆ ಯಾವ ಮೆಷಿನ್ನೂ ಇರಲಿಲ್ಲ. "ಕರಡಿಗೆ ಹಾಕ್ಕಳ್ಲೇನೇ?" ಎಂದರು ಅತ್ತೆ. ಎದುರಿಗೇ ಬಸ್ಸು ಬಂದು ನಿಂತಿತ್ತು. "ಆಮ್ಯಾಲೆ, ಆಮ್ಯಾಲೆ, ಬಸ್ ಬಂತು," ಎಂದು ಕೈಹಿಡಿದು ಎಳೆದೆ.

ಹಡಗಿನವರೇ ಊರು ತೋರಿಸುವುದಾದರೆ ತಲೆಗೆ ಆರು ಸಾವಿರ ರೂಪಾಯಿ. ರುದ್ರೇಶಣ್ಣನ ಗುಂಪಿನವರೆಲ್ಲ ಅದಕ್ಕೇ ಹೋದರು. ಚನ್ನಗಿರಿಯಿಂದ ದಾವಣಗೆರೆಗೆ ಫುಟ್‌ಬೋರ್ಡಿನ ಮೇಲೆ ನಿಂತು ಓಡಾಡಿದವಳು ನಾನು, ಒಂದು ದ್ವೀಪದೊಳಗೆ ಬಸ್ಸು ಹುಡುಕಿಕೊಳ್ಳಲಾರೆನೇ ಎಂದು ಜಂಬ. ಜಂಬಕ್ಕೆ ಸರಿಯಾಗಿ ಮೊದಲ ಬಸ್ಸೇ ಪುಕ್ಕಟೆ! ಪೇಟೆಯೊಳಗೆ ಸುತ್ತುವ ಆ ಬಸ್ಸಿಗೆ ಟಿಕೆಟ್ಟೇ ಇಲ್ಲ. ತಮಿಳರ ಬೀದಿಯಲ್ಲಿ ಇಳಿದು ಮಲ್ಲಿಗೆ ವಾಸನೆ ಕುಡಿದು, ಒಂದು ಅಂಗಡಿಯಲ್ಲಿ ಕೂತೆವು. ನಾನು ಕಾಫಿ ಕುಡಿದೆ, ಕರಡಿಗೆ ಮೈಮೇಲಿಲ್ಲವೆಂದು ಅತ್ತೆ ಬೇಡವೆಂದರು. ಅಂಗಡಿಯಾಕೆ ಹೇಳಿದಳು, ಪಿನಾಂಗ್ ಎಂದರೆ ಅವರ ಭಾಷೆಯಲ್ಲಿ ಅಡಿಕೆಯಂತೆ, ಇದು ಅಡಿಕೆಯ ದ್ವೀಪವಂತೆ. ಅತ್ತೆ ಎದ್ದೇ ನಿಂತರು. "ಹಂಗಾದ್ರೆ ಮರ ತೋರ್ಸಾಕೆ ಹೇಳೇ ಮೊದ್ಲು."

ಹತ್ತನೇ ನಂಬರಿನ ಬಸ್ಸು ಹಿಡಿದು ಗುಡ್ಡದ ಬುಡದ ಸಸ್ಯೋದ್ಯಾನಕ್ಕೆ ಹೋದೆವು. ತಲೆಗೆ ಎರಡು ರಿಂಗಿಟ್, ನಮ್ಮ ಲೆಕ್ಕದಲ್ಲಿ ನಲವತ್ತು ರೂಪಾಯಿಯ ಮೇಲೆ ಸ್ವಲ್ಪ. ಕಂಡಕ್ಟರ್ ಇಲ್ಲ, ಡ್ರೈವರನ ಪಕ್ಕದ ಡಬ್ಬಿಗೆ ನಾವೇ ಹಾಕಬೇಕು, ಚಿಲ್ಲರೆ ಕೊಡುವ ಪದ್ಧತಿಯಿಲ್ಲ. ಸೀಟಿ ಊದುವವರಿಲ್ಲದ ಬಸ್ಸು ಅದು ಹೇಗೆ ಹೊರಡುತ್ತದೋ ಎಂದು ನೋಡುತ್ತಿದ್ದೆ, ಬಾಗಿಲು ತಾನೇ ಮುಚ್ಚಿಕೊಂಡು ಹೊರಟೇಬಿಟ್ಟಿತು. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಉದ್ಯಾನದಲ್ಲಿ ಅಂತೂ ನಾಲ್ಕು ಅಡಿಕೆ ಮರ ಸಿಕ್ಕವು. ಅತ್ತೆ ಒಂದರ ಕಾಂಡಕ್ಕೆ ಅಂಗೈ ಇಟ್ಟು ಮೇಲೆ ನೋಡಿ, "ಗೊನೆಗೆ ಕೊಳೆ ಬಂದೈತೆ, ಇವ್ರು ಔಷಧಿ ಹೊಡ್ದಿಲ್ಲ," ಎಂದರು. ಅಂಗಡಿಯವರ ತಾಯಿ, ಇನ್ನೇನು ಹೇಳುತ್ತಾರೆ! ಅಷ್ಟರಲ್ಲಿ ಒಂದು ಮಂಗ ನನ್ನ ಚೀಲದ ಮೇಲೆ ಕಣ್ಣಿಟ್ಟು ಹಿಂದೆ ಬಿತ್ತು. ಚೀಲವನ್ನು ಎದೆಗೆ ಅವುಚಿಕೊಂಡು ಬಸ್ಸಿನ ತನಕ ಓಡಿದೆ. ಮಂಗನಿಂದ ಅಷ್ಟು ಜೋಪಾನ ಮಾಡಿದವಳು ನಾನು.

ವಾಪಸು ಬರುವಾಗ ಪೇಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಲಾಂಚ್ ಕಟ್ಟೆಗೆ ಬರುವಷ್ಟರಲ್ಲಿ ಒಂದೂವರೆ. ದ್ವೀಪದಿಂದ ಆಚೆಯ ನೆಲದ ಬಟರ್‌ವರ್ತ್ ಎಂಬ ಊರಿಗೆ ಜನರನ್ನು ದಾಟಿಸುವ ದೋಣಿಗೆ ಅವರು ಫೆರಿ ಎನ್ನುತ್ತಾರೆ. ಸಿಗಂದೂರು ನೋಡಿದ ನಮಗೆ ಅದು ಲಾಂಚೇ. ನನಗೆ ಹಡಗಿಗೇ ಹೋಗಿ ಕೂರೋಣ ಎನಿಸಿತ್ತು. ನಾನು ಜಗಳೂರು ತಾಲ್ಲೂಕು ಬಿಳಿಚೋಡಿನ ಹೆಣ್ಣು, ನಮ್ಮೂರಲ್ಲಿ ನೀರೆಂದರೆ ಕೊಡದೊಳಗೆ ಇರುವುದು. ಅತ್ತೆಯ ತವರು ಹೊನ್ನಾಳಿ ಹತ್ತಿರ ತುಂಗಭದ್ರೆಯ ದಡ, ಹರಿಗೋಲಿನಲ್ಲಿ ಹೊಳೆ ದಾಟಿ ಸಂತೆಗೆ ಹೋಗುತ್ತಿದ್ದವರು. "ಅಷ್ಟು ದೊಡ್ಡ ಹಡಗಿನಾಗೆ ಕುಂತು ನೀರಿನ ಸದ್ದೇ ಕೇಳಿಲ್ಲ ಕಣೇ. ಒಂದ್ಸಲ ಹೋಗಿ ಬಂದ್ಬಿಡಾನ," ಎಂದರು. ಅಡಿಕೆ ಮರ ಬಿಟ್ಟರೆ, ಇಡೀ ಪ್ರಯಾಣದಲ್ಲಿ ಅವರು ನೋಡಬೇಕೆಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಒಂದು ಸಲಕ್ಕೆ ತಲೆಗೆ ಎರಡು ರಿಂಗಿಟ್, ಅರ್ಧ ಗಂಟೆಗೊಂದು ಲಾಂಚು, ದಾಟಲು ಕಾಲು ಗಂಟೆ. ನ್ಯಾಮತಿಯಿಂದ ಹೊನ್ನಾಳಿಗೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತೂ ಇಲ್ಲ. ಎರಡು ಗಂಟೆಯ ಲಾಂಚಿನಲ್ಲಿ ಹೋದೆವು. ಅತ್ತೆ ಕಿಟಕಿಗೆ ಮುಖವಿಟ್ಟು ಕೂತು, ಗಾಳಿಗೆ ಸೆರಗು ಹಾರಿದರೂ ಹಿಡಿದುಕೊಳ್ಳಲಿಲ್ಲ. ಆಚೆ ದಡದಲ್ಲಿ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕರಡಿಗೆ ತೆಗೆದು ಕೊರಳಿಗೆ ಹಾಕಿಕೊಂಡು ಅನ್ನ ಸಾರು ಉಂಡರು. ಕೈತೊಳೆದು ಬಂದು, "ಇನ್ನು ಮೈಮ್ಯಾಲೇ ಇರ್ಲಿ ಬಿಡು," ಎಂದರು. ನಾನು ಬಿಟ್ಟೆನೇ? "ಇನ್ನೊಂದು ತಾಸಿಗೆ ಹಡಗಿನ ಮೆಷಿನ್ ದಾಟಬೇಕಲ್ಲ ಅತ್ತೆ, ಮತ್ತೆ ಅಲ್ಲಿ ಬಿಚ್ಚಿ ಕುಂದ್ರೋದು ಯಾಕೆ? ಇತ್ಲಾಗೆ ಕೊಡ್ರಿ." ಕೊಟ್ಟರು. ವಸ್ತ್ರದಲ್ಲಿ ಸುತ್ತಿ ನಾನೇ ಚೀಲಕ್ಕೆ ಇಟ್ಟೆ.

ಮೂರು ಗಂಟೆಯ ಲಾಂಚಿಗೆ ಜನ ತುಂಬಿದ್ದರು. ಗೇಟು ತೆರೆದದ್ದೇ ಎಲ್ಲರೂ ಎದ್ದರು. ಜನ ಎದ್ದರೆಂದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತೈದು ವರ್ಷ ಬಿದ್ದ ಅಭ್ಯಾಸ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಲ್ಲಿ ಟವಲ್ಲೋ ಚೀಲವೋ ತೂರಿಸಿ ಸೀಟು ಹಿಡಿಯಬೇಕು, ಆಮೇಲೆ ನಿಧಾನಕ್ಕೆ ವಯಸ್ಸಾದವರನ್ನು ಹತ್ತಿಸಬೇಕು. ಚೀಲ ಇಟ್ಟ ಸೀಟಿಗೆ ನಮ್ಮಲ್ಲಿ ಯಾರೂ ಕೂರುವುದಿಲ್ಲ, ಕೂತರೆ ಜಗಳ. "ಅತ್ತೆ, ನೀವು ನಿಧಾನ ಬರ್ರಿ, ನಾನು ಕಿಟಕಿ ಹಿಡೀತೀನಿ," ಎಂದು ಜನರ ಮಧ್ಯೆ ನುಗ್ಗಿದೆ. ಒಳಗೆ ಓಡಿ, ಕಿಟಕಿ ಪಕ್ಕದ ಎರಡು ಸೀಟಿಗೆ ಅಡ್ಡಲಾಗಿ ಹಸಿರು ಚೀಲ ಇಟ್ಟು, ಗೆದ್ದೆನೆಂದು ಹೊರಗೆ ಬಂದೆ. ಅತ್ತೆ ಇಳಿಜಾರಿನ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ನಾನು ಹೋಗಿ ತೋಳು ಹಿಡಿದೆ. ತಿರುಗುವಷ್ಟರಲ್ಲಿ ಸಮವಸ್ತ್ರದವನು ಗೇಟು ಎಳೆದಿದ್ದ.

"ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದೆ. ನಮ್ಮ ಕಡೆ ಆ ಮಾತಿಗೆ ನಿಲ್ಲದ ಗಾಡಿಯಿಲ್ಲ. ಲಾಂಚು ನಿಲ್ಲಲಿಲ್ಲ. ನೀರು ಎರಡು ಮೊಳ ಆಯಿತು, ಹತ್ತು ಮೊಳ ಆಯಿತು. ಗೇಟಿನವನು ಗಡಿಯಾರ ತೋರಿಸಿ, ಮೂರೂವರೆಗೆ ಇನ್ನೊಂದು ಇದೆ ಎಂದು ಬೆರಳು ಮಡಚಿ ಹೇಳಿದ.

"ಹೋಗ್ಲಿ ಬಿಡೇ, ಇನ್ನೊಂದಕ್ಕೆ ಹೋಗಾನ," ಎಂದು ಅತ್ತೆ ನನ್ನ ಕೈ ನೋಡಿದರು. "ಚೀಲ ಎಲ್ಲಿ?"

ನಾನು ದೂರವಾಗುತ್ತಿದ್ದ ಲಾಂಚಿನ ಕಡೆ ಕೈ ಮಾಡಿದೆ. "ಸೀಟಿಗೆ ಹಾಕೀನಿ ಅತ್ತೆ."

ಅವರ ಕೈ ತಾನೇ ಎದ್ದು ಎದೆಯ ಮೇಲೆ ಹೋಯಿತು, ಕರಡಿಗೆ ಇರುವ ಜಾಗಕ್ಕೆ. ಅಲ್ಲಿ ಏನೂ ಇರಲಿಲ್ಲ. ಅಲ್ಲೇ ಇದ್ದ ಬೆಂಚಿನ ಮೇಲೆ ಕೂತರು. ನಾನು ಗೇಟಿನವನ ಹಿಂದೆ ಬಿದ್ದೆ. ಬ್ಯಾಗ್, ಗ್ರೀನ್ ಬ್ಯಾಗ್, ಗಾಡ್, ಗಾಡ್ ಎಂದು ಕೈಮುಗಿದೆ. ಅವನು ವಾಕಿಟಾಕಿಯಲ್ಲಿ ಏನೋ ಹೇಳಿ, ಆಚೆ ದಡದ ಆಫೀಸಿನಲ್ಲಿ ಕೇಳು ಎಂದು ನೀರಿನ ಕಡೆ ತೋರಿಸಿದ.

"ಇಲ್ಲೇ ಕುಂತಿರಾನ," ಎಂದರು ಅತ್ತೆ. "ಹರಿಗೋಲಿನಾಗೆ ಬಿಟ್ಟಿದ್ದು ತಿರುಗಿ ಅದೇ ದಡಕ್ಕೆ ಬರ್ತಿತ್ತು. ಕಳ್ಕಂಡೋರು ಕದಲಬಾರ್ದು."

"ಇದು ಹೊನ್ನಾಳಿ ಹೊಳೆ ಅಲ್ಲ ಅತ್ತೆ. ಹಡಗು ಆಚೆ ಕಡೆ ಐತೆ. ಆಫೀಸ್ ಆಚೆ ಕಡೆ ಐತೆ. ಇಲ್ಲಿ ಕುಂತು ಏನು ಮಾಡಾಕೆ?" ಎಂದು ಜೋರು ಮಾಡಿದೆ. ಆ ದಿನ ಮೂರನೇ ಸಲ ಅವರ ಮಾತು ತುಳಿದಿದ್ದು ಅದು.

ಮೂರೂವರೆಯ ಲಾಂಚು ಹತ್ತಿದೆವು. ಅತ್ತೆ ಈ ಸಲ ಕಿಟಕಿಯ ಕಡೆ ಕೂರಲಿಲ್ಲ, ಬಾಗಿಲ ಹತ್ತಿರ ನಿಂತೇ ಇದ್ದರು. ನಡುನೀರಿನಲ್ಲಿ ಎದುರಿನಿಂದ ಇನ್ನೊಂದು ಲಾಂಚು ಬಂತು. ಎರಡರ ನಡುವೆ ನಮ್ಮೂರ ಎರಡು ಬೀದಿಯಷ್ಟು ನೀರು. ಅತ್ತೆ ಬೆರಳು ಮಾಡಿ, "ಅಗೋ, ಹೋತು ನೋಡು," ಎಂದರು. ನಾನು, "ಅದಲ್ಲ ಬಿಡ್ರಿ, ಅದು ಬ್ಯಾರೆ," ಎಂದೆ. ಬೇರೆ ಎಂದು ನನಗೇನು ಗೊತ್ತಿತ್ತು? ಅದಾಗಿರಬಾರದು ಎಂದು ಆಸೆ, ಅಷ್ಟೇ.

ಅದೇ ಆಗಿತ್ತು. ದ್ವೀಪದ ಕಟ್ಟೆಯ ಕೌಂಟರಿನಲ್ಲಿ ಕನ್ನಡಕದ ಒಬ್ಬ ಹೆಂಗಸು, ತಮಿಳರಾಕೆ, ನಾನು ಹೇಳುವ ಮುಂಚೆಯೇ, "ಪಚ್ಚೆ ಬ್ಯಾಗಾ?" ಎಂದಳು. ಜೀವ ಬಂತು. ಮುಂದಿನ ಮಾತಿಗೆ ಹೋಯಿತು. ಆ ಸೀಟಿನ ಹತ್ತಿರ ಒಬ್ಬ ಮುದುಕಿ ನಿಂತಿದ್ದಳಂತೆ. ಸಿಬ್ಬಂದಿ ಚೀಲ ತೆಗೆಯಲು ಹೋದರೆ ಕೊಡಲಿಲ್ಲವಂತೆ. ಚೀಲದವರು ಆಚೆ ದಡದಲ್ಲೇ ಉಳಿದಿದ್ದಾರೆ, ಅವರ ಕೈಗೇ ಕೊಡುತ್ತೇನೆ ಎಂದು, ಇಳಿಯಬೇಕಾದವಳು ಇಳಿಯದೆ ಅದೇ ಲಾಂಚಿನಲ್ಲಿ ವಾಪಸು ಹೋದಳಂತೆ. ನಮ್ಮನ್ನು ಹುಡುಕಿಕೊಂಡು ಹೋದವಳನ್ನು ನಡುನೀರಿನಲ್ಲಿ ನಾವೇ ದಾಟಿ ಬಂದಿದ್ದೆವು.

ಗಡಿಯಾರ ಮೂರು ಮುಕ್ಕಾಲು ಕಳೆದಿತ್ತು. ಲಾಂಚು ಆಚೆಯಿಂದ ನಾಲ್ಕಕ್ಕೆ ಹೊರಟರೆ ನಾಲ್ಕೂಕಾಲಿಗೆ ಇಲ್ಲಿ. ಇಲ್ಲಿಂದ ನಮ್ಮ ಹಡಗಿಗೆ ಒಂದು ಕಿಲೋಮೀಟರ್. ನನ್ನ ಒಬ್ಬಳ ಕಾಲಿಗಾದರೆ ಹನ್ನೆರಡು ನಿಮಿಷ, ಅತ್ತೆಯ ಮಂಡಿಗೆ ಅರ್ಧ ಗಂಟೆಗೂ ಮೇಲೆ. ಅದೂ ಆ ಮುದುಕಿ ನಾಲ್ಕರ ಲಾಂಚು ಹತ್ತಿದರೆ. ನಾವು ಸಿಗಲಿಲ್ಲವೆಂದು ಅಲ್ಲೇ ಕೂತುಬಿಟ್ಟರೆ? ಕೌಂಟರಿನಾಕೆ ಆಚೆ ದಡಕ್ಕೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ನನ್ನ ಫೋನು ಆ ಹೊತ್ತಿಗೇ ಬಡಿದುಕೊಂಡಿತು. ರುದ್ರೇಶಣ್ಣ.

"ಎಲ್ಲಿದ್ದೀರವ್ವಾ? ನಮ್ಮೋರೆಲ್ಲ ಬಂದಾತು, ನೀವಿಬ್ರೇ ಬಾಕಿ!"

"ಇಲ್ಲೇ ಅದೀವಣ್ಣ, ಲಾಂಚಿನ ಹತ್ರ. ಬರ್ತೀವಿ," ಎಂದು ಇಟ್ಟುಬಿಟ್ಟೆ. ಏನೆಂದು ಹೇಳಲಿ?

ಅತ್ತೆಗೆ ಕೌಂಟರಿನಾಕೆ ನೀರಿನ ಬಾಟಲಿ ಕೊಟ್ಟಳು. ಹೊರಗೆ ಬಿಸಿಲು ಅಂದರೆ ಅಂಥಿಂಥ ಬಿಸಿಲಲ್ಲ, ಮೈ ಬೆಂದು ನೀರಿಳಿಯುವ ಸೆಕೆ. ಅವರು ಬಾಟಲಿಯನ್ನು ಪಕ್ಕಕ್ಕಿಟ್ಟು ನನ್ನನ್ನು ಹತ್ತಿರ ಕರೆದರು. "ನೀನು ಹಡಗಿಗೆ ಹೋಗು. ಊರಾಗೆ ನಿನ್ ಮಕ್ಳು ಅದಾವೆ."

"ನೀವು?"

"ಅದನ್ನ ಬಿಟ್ಟು ನಾನು ಬರಲ್ಲ. ಬರಾಕೆ ಆಗಲ್ಲ. ಸಿಟ್ಟಿಲ್ಲ ಕಣೇ ನಂಗೆ, ನೀನು ಹೋಗು."

ನಾನು ಅಲ್ಲೇ, ಅಷ್ಟು ಜನರ ಮುಂದೆ, ಗಳಗಳ ಅತ್ತುಬಿಟ್ಟೆ. ಜನ ನೋಡುತ್ತಾರೆಂದು ಅವರ ಬಾಯಿ ಮುಚ್ಚಿಸಿದವಳು ನಾನೇ. "ತಪ್ಪು ನಂದು ಅತ್ತೆ. ಬೆಳಿಗ್ಗೆಯಿಂದ ನಂದೇ ತಪ್ಪು. ನೀವು ಇಲ್ಲದೆ ನಾನು ಒಂದು ಹೆಜ್ಜೆ ಇಡಲ್ಲ," ಎಂದೆ. ಅತ್ತೆ ನನ್ನ ಮುಖ ನೋಡಿ, "ತಪ್ಪು ನಿಂದೇ. ಈಗ ಅಳಬ್ಯಾಡ, ಲಾಂಚ್ ನೋಡು," ಎಂದರು.

ನೋಡುತ್ತಾ ಕೂತೆವು. ನಾಲ್ಕು ಗಂಟೆಗೆ ಆಚೆ ದಡದಲ್ಲಿ ಒಂದು ಬಿಳಿ ಚುಕ್ಕೆ ಅಲುಗಿತು. ಅದು ದೊಡ್ಡದಾಗಲು ತೆಗೆದುಕೊಂಡ ಹೊತ್ತಿನಲ್ಲಿ ನಾನು ಕಾಣದ ದೇವರಿಗೆಲ್ಲ ಹರಕೆ ಹೊತ್ತೆ. ರುದ್ರೇಶಣ್ಣನ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಅತ್ತೆ ಕಣ್ಣುಮುಚ್ಚಿ ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದರು, ಪೂಜೆಗೆ ಕೂತಾಗ ಹಿಡಿಯುವ ಹಾಗೆ. ಅಂಗೈ ಬರಿದಾಗಿತ್ತು. ನನಗೆ ಆ ಕಡೆ ನೋಡಲಾಗಲಿಲ್ಲ.

ನಾಲ್ಕು ಹದಿನಾರಕ್ಕೆ ಗೇಟು ತೆರೆಯಿತು. ಬೈಕಿನವರು, ಆಫೀಸಿನವರು, ಸ್ಕೂಲು ಬಿಟ್ಟ ಹೆಣ್ಣುಮಕ್ಕಳು, ಎಲ್ಲರೂ ಬಂದರು. ಯಾರ ಕೈಯಲ್ಲೂ ಹಸಿರು ಕಾಣಲಿಲ್ಲ. ಜನ ತೆಳುವಾದರು. ಇನ್ನು ಮುಗಿಯಿತು ಎಂದುಕೊಂಡೆ. ಆಗ ಕೊನೆಯಲ್ಲಿ ಗಿಡ್ಡನೆಯ ಒಬ್ಬ ಚೀನೀ ಮುದುಕಿ, ಹೂವಿನ ಅಂಗಿ, ರಬ್ಬರ್ ಚಪ್ಪಲಿ, ಒಂದು ಕೈಯಲ್ಲಿ ಸೊಪ್ಪಿನ ಬುಟ್ಟಿ. ಇನ್ನೊಂದು ಕೈಯಲ್ಲಿ ಎದೆಗೊತ್ತಿ ಹಿಡಿದ ನಮ್ಮ ಚೀಲ. ಸೊಪ್ಪು ಬಾಡಿ ಜೋತುಬಿದ್ದಿತ್ತು. ಅತ್ತೆಯ ಹಣೆಯ ವಿಭೂತಿ ನೋಡಿದಳು, ಚೀಲ ನೋಡಿದಳು, ಯಾರನ್ನೂ ಏನೂ ಕೇಳದೆ ನೇರವಾಗಿ ಬಂದು, ಬುಟ್ಟಿ ಕೆಳಗಿಟ್ಟು, ಎರಡೂ ಕೈಯಲ್ಲಿ ಚೀಲವನ್ನು ಅತ್ತೆಯ ಕೈಗೆ ಇಟ್ಟಳು.

ಅವಳು ಹೇಳಿದ್ದನ್ನು ಕೌಂಟರಿನಾಕೆ ನನಗೆ ಬಿಡಿಸಿ ಹೇಳಿದಳು. ಅವರ ಊಟದ ಅಂಗಡಿಗಳಲ್ಲಿ ಕುರ್ಚಿಯ ಮೇಲೆ ಒಂದು ಕಾಗದದ ಕರವಸ್ತ್ರದ ಪೊಟ್ಟಣ ಇಟ್ಟು ಹೋದರೂ ಸಾಕಂತೆ, ಯಾರೂ ಕೂರುವುದಿಲ್ಲವಂತೆ. ಚೀಲ ಕಂಡಾಗ ಯಾರೋ ಬರುತ್ತಾರೆ ಎಂದು ಪಕ್ಕದಲ್ಲಿ ನಿಂತಳಂತೆ, ಕೂರಲು ಬಂದವರನ್ನು ಬೇಡವೆಂದಳಂತೆ. ಯಾರೂ ಬರಲಿಲ್ಲ. ವಿಭೂತಿಯ ವಾಸನೆ ಬಂತು, ಯಾರದೋ ದೇವರು ಎಂದು ತಿಳಿಯಿತು. ಆಫೀಸಿಗೆ ಕೊಟ್ಟರೆ ಕಳೆದುಹೋದ ಕೊಡೆ, ಚಪ್ಪಲಿಗಳ ಮೂಟೆಗೆ ಹಾಕುತ್ತಾರೆಂದು ಕೊಡಲಿಲ್ಲ. ಆಚೆ ದಡದಲ್ಲಿ ನಮ್ಮನ್ನು ಕಾಣದೆ ಮತ್ತೆ ಹತ್ತಿದಳು. "ನಿಮ್ಮ ಸೀಟು ಮೂರು ಸಲ ದಾಟಿತು, ಯಾರನ್ನೂ ಕೂರಿಸಲಿಲ್ಲ ಎಂದು ಹೇಳು ಅನ್ನುತ್ತಿದ್ದಾಳೆ," ಎಂದಳು ಕೌಂಟರಿನಾಕೆ.

ಅತ್ತೆ ಬಾಟಲಿಯ ನೀರಿನಲ್ಲಿ ಕೈ ತೊಳೆದು, ಗೋಡೆಯ ಕಡೆ ತಿರುಗಿ, ವಸ್ತ್ರ ಬಿಚ್ಚಿ, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡರು. ಗಡಿಯಾರ ನಾಲ್ಕು ಇಪ್ಪತ್ತು ತೋರಿಸುತ್ತಿತ್ತು. ಬೇಗ ಎನ್ನುವ ಮಾತು ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ. ಅವರು ಸೊಂಟದ ಸಂಚಿಯಿಂದ ನಮ್ಮ ತೋಟದ ಒಂದು ಹಿಡಿ ಅಡಿಕೆ ತೆಗೆದು ಮುದುಕಿಯ ಅಂಗೈಗೆ ಹಾಕಿ, ಬೆರಳು ಮಡಚಿದರು. ಅವಳು ಮೂಸಿ ನೋಡಿ, "ಪಿನಾಂಗ್!" ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಆಕೆಯ ಹೆಸರು ಕೇಳುವಷ್ಟೂ ಹೊತ್ತಿರಲಿಲ್ಲ. ಆ ಕೊರಗು ಇವತ್ತಿಗೂ ಇದೆ.

ಹೊರಗೆ ಪುಕ್ಕಟೆ ಬಸ್ಸು ಹೊರಡಲು ಸಿದ್ಧವಾಗಿತ್ತು. ಈ ಸಲ ಸೀಟಿಗೆ ಓಡಲಿಲ್ಲ. ಬಾಗಿಲಿನ ನಡುವೆ ಅಡ್ಡ ನಿಂತು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟೆ. ಬಾಗಿಲು ಎರಡು ಸಲ ನನಗೆ ತಾಗಿ ಹಿಂದೆ ಹೋಯಿತು. ಡ್ರೈವರ್ ಏನೋ ಬಯ್ದ, ಅವನ ಭಾಷೆ ಗೊತ್ತಿಲ್ಲದ್ದು ಒಳ್ಳೆಯದಾಯಿತು. ಅತ್ತೆ ಬಂದು ಹತ್ತಿದ ಮೇಲೆಯೇ ಕಾಲು ತೆಗೆದೆ.

ಹಡಗಿನ ಕಟ್ಟೆಯಲ್ಲಿ ನಾಲ್ಕು ಇಪ್ಪತ್ತೆಂಟು. ರುದ್ರೇಶಣ್ಣ ಗೇಟಿನ ಹೊರಗೇ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದರು. "ಹಡಗು ಹೋಗಿದ್ರೆ ಏನವ್ವಾ ಮಾಡ್ತಿದ್ದೆ?" ನಾನು ಅತ್ತೆಯ ತೋಳು ಹಿಡಿದು ನಡೆದೆ. ಒಳಗೆ ಅದೇ ಬಾಗಿಲಿನಂಥ ಮೆಷಿನ್ನು, ಹಿಂದೆ ತಡವಾಗಿ ಬಂದವರ ಸಾಲು. ಅತ್ತೆ ದಾಟಿದರು, ಮೆಷಿನ್ನು ಕೂಗಿತು. ಸಮವಸ್ತ್ರದ ಹೆಂಗಸು ಅತ್ತೆಯ ಕೊರಳ ಕಡೆ ಕೈ ಚಾಚಿದಳು. ಅತ್ತೆ ನನ್ನ ಮುಖ ನೋಡಿ, ತಾವೇ ದಾರಕ್ಕೆ ಕೈ ಹಾಕಿದರು, ಬಿಚ್ಚಿ ಕೊಡಲು.

"ಬಿಚ್ಚಬ್ಯಾಡ್ರಿ ಅತ್ತೆ," ಎಂದೆ. ನಾನು ಇಬ್ಬರ ನಡುವೆ ಹೋಗಿ ನಿಂತೆ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ, ಇದು ಇವರ ದೇವರು, ಇದನ್ನು ಮುಟ್ಟುವ ಹಾಗಿಲ್ಲ, ತೆಗೆಯುವುದಿಲ್ಲ, ನಿಮ್ಮ ಕೈಮೆಷಿನ್ನು ದೂರದಿಂದ ಹಿಡಿದು ನೋಡಿಕೊಳ್ಳಿ, ಎಷ್ಟು ಹೊತ್ತಾದರೂ ಸರಿ. ಹಿಂದಿನವರು ಗೊಣಗಿದರು. ಗೊಣಗಲಿ. ಆ ಹೆಂಗಸು ಇನ್ನೊಬ್ಬಳನ್ನು ಕರೆದಳು, ಇಬ್ಬರೂ ಮಾತಾಡಿಕೊಂಡರು, ಕೈಮೆಷಿನ್ನು ತಂದು ಅತ್ತೆಯ ಎದೆಯ ಮುಂದೆ ಆಡಿಸಿದರು, ಅದೂ ಕೂಗಿತು. ಆಮೇಲೆ ಆಕೆ ಅತ್ತೆಗೆ ತಲೆಬಾಗಿ, ಹೋಗಿ ಎಂದು ಕೈ ತೋರಿಸಿದಳು. ಕೇಳಿದ್ದರೆ ಸಿಂಗಾಪುರದಲ್ಲೂ ಇಷ್ಟೇ ಆಗುತ್ತಿತ್ತೋ ಏನೋ. ಕೇಳಿದವರು ಯಾರು?

ಐದಕ್ಕೆ ಹಡಗು ಬಿಟ್ಟಿತು. ಕೋಣೆಯ ಕಿಟಕಿಯಲ್ಲಿ ಆ ಬಿಳಿ ಲಾಂಚು ಮತ್ತೆ ನೀರು ದಾಟುತ್ತಿರುವುದು ಕಾಣುತ್ತಿತ್ತು. ಅತ್ತೆ ಸ್ನಾನ ಮಾಡಿ ಬಂದು, ಮಂಚದ ಪಕ್ಕ ಟವಲ್ ಹಾಸಿ ಪೂಜೆಗೆ ಕೂತರು. ಅರ್ಧ ಗಂಟೆ ಅಂಗೈ ಮೇಲಿನ ಲಿಂಗ ಬಿಟ್ಟು ಬೇರೆ ಕಡೆ ಕಣ್ಣು ಹೋಗಲಿಲ್ಲ. ನಾನು ಮೂಲೆಯಲ್ಲಿ ಕೂತು ಸದ್ದಿಲ್ಲದೆ ನೋಡುತ್ತಿದ್ದೆ. ಪೂಜೆ ಮುಗಿದ ಮೇಲೆ ಕರಡಿಗೆ ಕಟ್ಟಿಕೊಂಡು, "ನೀರು ಕೊಡು," ಎಂದರು.

ಲೋಟ ತುಂಬಿ ಕೊಟ್ಟೆ. ಕೈಗೆ ತೆಗೆದುಕೊಂಡವರು ಬಾಯಿಗೆ ಒಯ್ಯಲಿಲ್ಲ. ಲೋಟವನ್ನು ತಿರುಗಿ ನನ್ನ ಕಡೆಗೇ ಚಾಚಿದರು.

"ನೀನೂ ಮೂರು ಗಂಟೆಯಿಂದ ಕುಡ್ದಿಲ್ಲ," ಎಂದರು. "ನಾನು ನೋಡಿಲ್ಲ ಅಂದ್ಕಂಡ್ಯೇನೇ? ಮೊದ್ಲು ನೀನು ಕುಡಿ."